ಸೈಕಲ್ ಚಕ್ರದ ಡಿಸ್ಕ್ ಗಾಲ್ಫ್ ಬಾಸ್ಕೆಟ್: ನನ್ನ ಅನುಭವ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕ್ ಎಸೆದು, ಮೇಲಿಂದ ಸರಪಳಿ ಇಳಿಬಿಟ್ಟ ಬುಟ್ಟಿಗೆ (ಬಾಸ್ಕೆಟ್) ಬೀಳಿಸುವ ಆಟ. ಹಳೇ ಸೈಕಲ್ ಚಕ್ರಗಳಿಂದ ನಾನು ಮಾಡಿಕೊಂಡ ಬಾಸ್ಕೆಟ್ ಎರಡು ಮಳೆಗಾಲ ದಾಟಿದೆ. ಹತ್ತು ಮೀಟರ್‌ನಿಂದ ಜೋರಾಗಿ ಎಸೆದರೂ ಪಟ್ಟರನ್ನು (ಹತ್ತಿರದಿಂದ ಬುಟ್ಟಿಗೆ ಎಸೆಯುವ ಡಿಸ್ಕ್) ಹಿಡಿದುಕೊಳ್ಳುತ್ತದೆ. ಬಿಚ್ಚಿದರೆ ಸ್ಕೂಟರ್ ಹಿಂದೆ ಕಟ್ಟಬಹುದು. ಖರ್ಚು ಸುಮಾರು ಎರಡೂವರೆ ಸಾವಿರ. "ಇದೆಲ್ಲ ಮನೆಯಲ್ಲಿ ಆಗೋದಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು" ಎಂದಿದ್ದವರೇ ಈಗ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಹೊರದೇಶದಿಂದ ಮಡಚುವ ಬಾಸ್ಕೆಟ್ ತರಿಸಲು ಮೊದಲು ಲೆಕ್ಕ ಹಾಕಿದ್ದೆ. ಬೆಲೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿತು. ಅಲ್ಲಿಗೆ ಆ ಯೋಚನೆ ಬಿಟ್ಟೆ. ಶಿವಮೊಗ್ಗದಲ್ಲೇ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ಹನ್ನೆರಡು ಎಂಎಂ ಸರಳಿನಲ್ಲಿ ಬಳೆ ಮಾಡಿಕೊಡಿ ಎಂದೆ. ಬಂದದ್ದು ಮೊಟ್ಟೆಯಾಕಾರ. ಮಜೂರಿ ಸೇರಿ ಮೂರು ಸಾವಿರ ಚಿಲ್ಲರೆ ಹೋಯಿತು. ತೂಕ ಹದಿನೆಂಟು ಕೆಜಿ ಹತ್ತಿರ. ಅದನ್ನು ಹೊತ್ತುಕೊಂಡು ಮೈದಾನಕ್ಕೆ ಹೋಗುವವರು ಯಾರು? ಈಗ ಹಿತ್ತಲಲ್ಲಿ ಅದರ ಮೇಲೆ ತೊಂಡೆ ಬಳ್ಳಿ ಹಬ್ಬಿದೆ.

ಬಿದಿರಿನ ಬುಟ್ಟಿಯನ್ನೂ ಹೆಣೆಸಿ ನೋಡಿದೆ. ಚೆಂದ ಇತ್ತು, ಹಗುರ, ಮುನ್ನೂರು ರೂಪಾಯಿ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಆಷಾಢದಲ್ಲಿ ಬೂಷ್ಟು ಹಿಡಿಯಿತು. ಡಿಸ್ಕಿನ ಅಂಚು ತಾಗಿದ ಕಡೆಯೆಲ್ಲ ಸೀಳಿತು.

ಆಮೇಲೆ ಪಂಕ್ಚರ್ ಅಂಗಡಿ ಎದುರು ನೇತು ಹಾಕಿದ್ದ ರಿಮ್ ಕಣ್ಣಿಗೆ ಬಿತ್ತು. ಟೇಪು ಹಿಡಿದೆ. ಹಳೇ 28 ಇಂಚಿನ ಸೈಕಲ್ ರಿಮ್‌ನ ಅಗಲ 65 ಸೆಂ.ಮೀ. ಆಸುಪಾಸು. ಟೂರ್ನಮೆಂಟ್ ಬಾಸ್ಕೆಟ್‌ನ ಬುಟ್ಟಿಯೂ ಹೆಚ್ಚುಕಮ್ಮಿ ಅಷ್ಟೇ ಅಗಲ. ಗುಂಡಗೆ ಬಗ್ಗಿಸುವ ಕೆಲಸವೇ ಇಲ್ಲ, ಮೇಲಾಗಿ ಸುತ್ತ ತೂತು ಕೊರೆದೇ ಇದೆ! "ಸೈಕಲ್ ಬಿಟ್ಟು ಬರೀ ಚಕ್ರ ಯಾಕೆ ಸಾರ್?" ಎಂದು ಅಂಗಡಿಯವರು ಕೇಳಿದರು. ಗುಜರಿಯಲ್ಲಿ ಒಂದಕ್ಕೆ ನೂರು, ನೂರೈವತ್ತು ಕೊಟ್ಟ ನೆನಪು.

ಈಗಿನದು ಹೀಗಿದೆ. ಬುಟ್ಟಿಯ ತಳಕ್ಕೆ ಕಡ್ಡಿ ಸಮೇತ ಒಂದು 28ರ ಚಕ್ರ. ಅದರಿಂದ ಒಂದು ಗೇಣು ಮೇಲೆ ಇನ್ನೊಂದು ಬರೀ ರಿಮ್. ಎರಡರ ನಡುವೆ ಎರಡೂ ತುದಿ ಕೊಕ್ಕೆ ಮಾಡಿದ ನಾಲ್ಕು ಸರಳು, ಸುತ್ತ ಮೀನಿನ ಬಲೆ. ಕೋಳಿ ಗೂಡಿನ ಜಾಲರಿ ಹಾಕಬೇಡಿ, ಡಿಸ್ಕಿನ ಅಂಚು ಕೊರೆದು ಹೋಗುತ್ತದೆ. ಸರಳು ತೆಗೆದರೆ ಬುಟ್ಟಿ ಚಪ್ಪಟೆ. ಮೇಲಂಚು ನೆಲದಿಂದ 82 ಸೆಂ.ಮೀ. ಇರಲಿ. ಈ ಆಟದ ನಿಯಮ ಮಾಡುವ ಸಂಸ್ಥೆ ಪಿಡಿಜಿಎ ಆರು ಸೆಂ.ಮೀ. ಆಚೀಚೆ ಬಿಡುತ್ತದೆ, ಆದರೆ ಅಭ್ಯಾಸಕ್ಕೆ ಸರಿಯಾದ ಎತ್ತರವೇ ಬೇಕು ಅನ್ನುವವನು ನಾನು. ಕಂಬ ಎರಡು ತುಂಡು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಅವೆರಡೂ ತಳದ ಚಕ್ರದ ನಡುವಿನ ಹಬ್‌ನಲ್ಲಿ ಅಲುಗಾಡದ ಹಾಗೆ ಹೇಗೆ ಕೂರುತ್ತವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ತುಂಬಾ ರಾತ್ರಿ ಕಳೆದಿದ್ದೇನೆ.

ಕಂಬದ ತುದಿಗೆ, ಸರಪಳಿ ನೇತು ಹಾಕಲು, ಮಕ್ಕಳ ಸೈಕಲ್ಲಿನ 24 ಇಂಚಿನ ಚಕ್ರ. ಎಕ್ಸಲ್ ಪೈಪಿನೊಳಗೆ ಇಳಿಯುತ್ತದೆ. ಚಕ್ರ ತಿರುಗುತ್ತಿದ್ದರೆ ಹೊಡೆತದ ರಭಸ ಕಡಿಮೆ ಆಗಬಹುದು ಎಂದು ಒಮ್ಮೆ ಸಡಿಲ ಬಿಟ್ಟು ನೋಡಿದೆ. ಸರಪಳಿಗಳೆಲ್ಲ ಜಡೆ ಹೆಣೆದ ಹಾಗೆ ಸುತ್ತಿಕೊಂಡು ಡಿಸ್ಕನ್ನು ಹೊರಗೆ ದೂಡಿದವು. ಎಕ್ಸಲ್ ಮೇಲಿನ ಕೋನ್ ನಟ್ಟು ಬಿಗಿ ಮಾಡಿ ಚಕ್ರ ನಿಲ್ಲಿಸಿದೆ.

ನಿಜವಾದ ಜಗಳ ಇದ್ದದ್ದು ಸರಪಳಿ ಜೊತೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ ಈ ಆಟದ ಮೊದಲ ಶಾಶ್ವತ ಕೋರ್ಸ್ (ಆಡುವ ಮೈದಾನ) ಆದಾಗ ಗುರಿ ಅಂದರೆ ಬರೀ ಕಂಬ. ಆ ಕೋರ್ಸ್ ಮಾಡಿದ ಎಡ್ ಹೆಡ್ರಿಕ್ ಅವರೇ ಆಮೇಲೆ ಸರಪಳಿ, ಬುಟ್ಟಿ ಸೇರಿಸಿದರು. ಯಾಕೆ ಸರಪಳಿಯೇ ಎಂದು ನನಗೆ ಗೊತ್ತಾದದ್ದು ಬೇರೆಲ್ಲ ಹಾಕಿ ನೋಡಿದ ಮೇಲೆ. ನೈಲಾನ್ ಹಗ್ಗದ ನಡುವೆ 175 ಗ್ರಾಂ ಪಟ್ಟರ್ ಸೀದಾ ತೂರಿ ಹಿಂದೆ ಬಿತ್ತು. ಪ್ಲಾಸ್ಟಿಕ್ ಸರಪಳಿಯೂ ಅಷ್ಟೇ. ದನ ಕಟ್ಟುವ ಸರಪಳಿ ಭಾರ ಜಾಸ್ತಿ, ಗೋಡೆಗೆ ಹೊಡೆದಂತೆ ವಾಪಸ್ ಬಂತು. ಕಪ್ಪು ಕಬ್ಬಿಣದ್ದು ತೂಕ ಸರಿ ಇತ್ತು, ಆದರೆ ಜೂನ್ ಮುಗಿಯುವುದರೊಳಗೆ ತುಕ್ಕು. ಬಿಳಿ ಡಿಸ್ಕ್‌ಗಳೆಲ್ಲ ಕಂದು ಬಣ್ಣ.

ಕೊನೆಗೆ ನಿಂತದ್ದು ನಾಲ್ಕು ಎಂಎಂ ಜಿಐ ಸರಪಳಿ. ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಮೂರೂವರೆ ಕೆಜಿಗೆ ಏಳುನೂರು ಚಿಲ್ಲರೆ ಆಯಿತು. ನನ್ನ ಮೇಲಿನ ರಿಮ್‌ನಲ್ಲಿ 36 ತೂತು. ಮೂರು ತೂತಿಗೆ ಒಂದರಂತೆ ಹನ್ನೆರಡು ಸರಪಳಿ ಸುತ್ತ ಬಂತು. ಇಷ್ಟಕ್ಕೇ ನಿಲ್ಲಿಸಿದಾಗ ನಡುವಿಗೆ ಬಿದ್ದ ಎಸೆತ ಮಾತ್ರ ನಿಲ್ಲುತ್ತಿತ್ತು, ಸ್ವಲ್ಪ ಪಕ್ಕಕ್ಕೆ ಬಿದ್ದದ್ದು ಎರಡು ಸರಪಳಿಗಳನ್ನು ಬಾಗಿಲಿನಂತೆ ಸರಿಸಿ ಆಚೆ ಹೋಗುತ್ತಿತ್ತು. ಒಳಗೆ ಇನ್ನೂ ಆರು ಬೇಕೇ ಬೇಕು. ಅವನ್ನು ಕಡ್ಡಿಗಳು ಒಂದನ್ನೊಂದು ದಾಟುವ ಜಾಗಕ್ಕೆ ಬೈಂಡಿಂಗ್ ವೈರಿನಿಂದ ಕಟ್ಟಿದೆ. ಬೇರೆ ಕಡೆ ಕಟ್ಟಿದರೆ ಜಾರುತ್ತದೆ. ಹೊರಗಿನವು ತಡೆಯಲಾಗದ್ದನ್ನು ಈ ಆರು ಹಿಡಿದು ಕೆಳಗೆ ಬೀಳಿಸುತ್ತವೆ. ಸರಪಳಿಯನ್ನು ಎಷ್ಟು ಸಡಿಲ ಬಿಡಬೇಕು ಎಂಬುದನ್ನು ನೀವೇ ಕಂಡುಕೊಳ್ಳಿ. ಒಂದು ಕೊಂಡಿ ಹೆಚ್ಚುಕಮ್ಮಿ ಆದರೂ ಸದ್ದೇ ಬೇರೆ ಬರುತ್ತದೆ, ಅದೇ ಗುರುತು.

ನಡುವೆ ಅಡಿಕೆ ಹಾಳೆ ತಟ್ಟೆ ಎಸೆದೂ ನೋಡಿದ್ದೇನೆ. ಪಟ್ಟರ್ ಕಳೆದರೆ ಇನ್ನೊಂದು ಬರಲು ತಿಂಗಳಾಗುತ್ತದೆ, ಹುಡುಗರಿಗೆ ಕಲಿಯಲು ಏನಾದರೂ ಬೇಕಿತ್ತು. ಹತ್ತಿಂಚಿನ ತಟ್ಟೆ ಹಗುರ, ಗಾಳಿಗೆ ಮೇಲೇಳುತ್ತದೆ. ಅಂಚಿಗೆ ಸೈಕಲ್ ಟ್ಯೂಬ್ ಅಂಟಿಸಿದ ಮೇಲೆ ಐದಾರು ಮೀಟರ್ ನೆಟ್ಟಗೆ ಹೋಯಿತು. ಒದ್ದೆಯಾದರೆ ಮಾತ್ರ ಮುಗಿಯಿತು. ಬೇಸಿಗೆಗೆ ಇನ್ನೊಮ್ಮೆ ಅದಕ್ಕೆ ಕೈ ಹಾಕುತ್ತೇನೆ.

ಗಾಳಿಗೆ ಬೀಳದಂತೆ ಕೆಳಗೆ ಮೂರು ಕಾಲು, ಕಂಬಕ್ಕೆ ಐದು ಲೀಟರಿನ ಕ್ಯಾನ್. ಹೋದಲ್ಲಿ ನೀರು ತುಂಬಿದರಾಯಿತು. ಹಾಗಾಗಿ ಹೊರುವ ತೂಕ ಹತ್ತು ಕೆಜಿ ದಾಟುವುದಿಲ್ಲ. ತೀರ್ಥಹಳ್ಳಿಯಲ್ಲಿ ಬೇಸಿಗೆಯ ತುಂಗೆ ಮರಳಿನ ಮೇಲೂ ನಿಲ್ಲಿಸಿದ್ದೇನೆ. ಕ್ಯಾನಿನ ಜೊತೆಗೆ ಕಾಲುಗಳನ್ನು ಒಂದು ಗೇಣು ಹೂಳಬೇಕು. ಮಳೆಗಾಲದಲ್ಲಿ ಜಗುಲಿಯೇ ಗತಿ, ಆರು ಮೀಟರ್ ಸಿಗುತ್ತದೆ. ಮಳೆ ಬಿಟ್ಟರೆ ಅಡಿಕೆ ಅಂಗಳ. ಅಲ್ಲಿ ಬಾಸ್ಕೆಟ್ ಸುತ್ತ ಹತ್ತು ಮೀಟರ್ ದೂರದ ಸರ್ಕಲ್ಲನ್ನು ಸುಣ್ಣದಲ್ಲಿ ಎಳೆದಿದ್ದೇನೆ. ಐದು ಮೀಟರ್‌ನಿಂದ ಹತ್ತು ಎಸೆತಕ್ಕೆ ಆರು ಬೀಳುತ್ತಿದ್ದದ್ದು ಈಗ ಒಂಬತ್ತು. ಗೆರೆಯಿಂದ ನಾಲ್ಕೈದು.

ಎರಡನೆಯದನ್ನು ಶುರು ಮಾಡಿದ್ದೇನೆ. ಎದುರುಬದುರು ಇಟ್ಟರೆ ಡಿಸ್ಕ್ ಹೆಕ್ಕಲು ಹೋದವನು ಅಲ್ಲಿಂದಲೇ ತಿರುಗಿ ಎಸೆಯಬಹುದು. ನೀವೂ ಮಾಡುವುದಾದರೆ ಗುಜರಿಯಲ್ಲಿ ರಿಮ್ಮನ್ನು ಸಿಮೆಂಟ್ ನೆಲದ ಮೇಲೆ ಒಮ್ಮೆ ಉರುಳಿಸಿ ನೋಡಿ. ಓಲಾಡಿದರೆ ವಾಪಸ್ ಕೊಡಿ. ತುಕ್ಕನ್ನು ಉಜ್ಜಿ ತೆಗೆಯಬಹುದು, ಸೊಟ್ಟ ರಿಮ್ ಮಾತ್ರ ಯಾವತ್ತೂ ಸರಿಯಾಗಿ ಕೂರುವುದಿಲ್ಲ.