ಸಹಾಯಧನದ ಷರತ್ತುಗಳನ್ನು ಪಾಲಿಸುವುದು ಹೇಗೆ?

ಚಳ್ಳಕೆರೆ ಸುತ್ತಲಿನ ಹಳ್ಳಿಗಳಲ್ಲಿ ಶೇಂಗಾ ಎಣ್ಣೆ ಗಾಣ ಹಾಕಲು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಸಾಲ ಕೋರುವವರು, ಘಟಕಕ್ಕೆ ಬೇರೆ ಸರ್ಕಾರಿ ಯೋಜನೆಯ ಸಹಾಯಧನ ಸಂದಿಲ್ಲವೆಂಬುದನ್ನು ಅರ್ಜಿಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು. ಗ್ರಾಮೀಣ ಘಟಕಗಳಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಪರಿಶಿಷ್ಟರೂ ಸೇರಿದ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನವಿದೆ.

ಆದರೆ ಈ ಹಣ ನೇರವಾಗಿ ಕೈಗೆ ಬರುವುದಿಲ್ಲ. ಬ್ಯಾಂಕು ಅದನ್ನು 3 ವರ್ಷ ಅವಧಿ ಠೇವಣಿಯಲ್ಲಿರಿಸಿ, ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆಯಲ್ಲಿ ದೃಢಪಟ್ಟ ಬಳಿಕವೇ ಸಾಲಕ್ಕೆ ಹೊಂದಿಸುತ್ತದೆ. ಹಲವರು ಎಡವುವುದು ಈ ಅವಧಿಯಲ್ಲೇ. ಆದ್ದರಿಂದ ಯಂತ್ರ ಮಾರುವ ಅಥವಾ ಘಟಕವನ್ನು ದಾವಣಗೆರೆಗೆ ಸ್ಥಳಾಂತರಿಸುವ ಆಲೋಚನೆಯಿದ್ದರೆ, ಬ್ಯಾಂಕಿನಿಂದಲೂ ಜಿಲ್ಲಾ ಕೈಗಾರಿಕಾ ಕೇಂದ್ರದಿಂದಲೂ ಲಿಖಿತ ಅನುಮತಿ ಕೇಳಿರಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ. ಯಂತ್ರದ ಜಿಎಸ್‌ಟಿ ಬಿಲ್ಲು, ಪಾವತಿ ದಾಖಲೆ, ವಿದ್ಯುತ್ ಬಿಲ್ಲುಗಳನ್ನು ಒಂದೇ ಕಡತದಲ್ಲಿಡಿ. ಸಹಾಯಧನ ವಾಪಸು ಕೇಳುವ ವಸೂಲಿ ನೋಟಿಸು ಬಂದರೆ, ಅದರಲ್ಲಿ ನೀಡಿದ ಗಡುವಿನೊಳಗೆ ಈ ದಾಖಲೆಗಳ ಸಮೇತ ಲಿಖಿತ ಉತ್ತರ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.