ಮಳೆಗಾಲದಲ್ಲಿ ಗುರುತ್ವ ಮಸೂರ ಹುಡುಕಿದ ನನ್ನ ಅನುಭವ

ಶಿರಸಿಯಲ್ಲಿ ಜೂನ್ ಬಂತೆಂದರೆ ನನ್ನ ದೂರದರ್ಶಕ ಪೆಟ್ಟಿಗೆ ಸೇರುತ್ತದೆ. ಮಳೆ ಬಿಡುವವರೆಗೆ ನಕ್ಷತ್ರದ ಮಾತೇ ಇಲ್ಲ. 2024ರ ಆಗಸ್ಟ್‌ನಲ್ಲಿ ಹಾಗೆ ಸುಮ್ನೆ ಕೂತಿದ್ದಾಗ ಸಾಮಾನ್ಯ ಜನರೂ ವಿಜ್ಞಾನಿಗಳಿಗೆ ನೆರವಾಗುವ ಝೂನಿವರ್ಸ್ ಜಾಲತಾಣದ 'ಸ್ಪೇಸ್ ವಾರ್ಪ್ಸ್' ಕೆಲಸಕ್ಕೆ ಸೇರಿಕೊಂಡೆ. ಯೂಕ್ಲಿಡ್ ಎಂಬ ಬಾಹ್ಯಾಕಾಶ ದೂರದರ್ಶಕ ತೆಗೆದ ಗ್ಯಾಲಕ್ಸಿ ಚಿತ್ರಗಳು ಒಂದೊಂದಾಗಿ ಬರುತ್ತವೆ. ಮುಂದಿರುವ ಗ್ಯಾಲಕ್ಸಿಯ ತೂಕದಿಂದ ಹಿಂದಿನ ಗ್ಯಾಲಕ್ಸಿಯ ಬೆಳಕು ಬಾಗಿ, ಕಮಾನೋ ಉಂಗುರವೋ ಆಗಿ ಕಾಣುತ್ತಿದೆ ಅನ್ನಿಸಿದರೆ ಅಲ್ಲಿ ಗುರುತು ಹಾಕಬೇಕು. ಹಾಗೆ ಬೆಳಕು ಬಗ್ಗಿಸುವ ಮುಂದಿನ ಗ್ಯಾಲಕ್ಸಿಯೇ ಗುರುತ್ವ ಮಸೂರ.

ಮೊದಲ ವಾರ ಬಾಗಿದ್ದೆಲ್ಲಾ ನನಗೆ ಕಮಾನೇ. ನಡುನಡುವೆ ಅವರು ಕಂಪ್ಯೂಟರಿನಲ್ಲಿ ಮಾಡಿದ ಹುಸಿ ಮಸೂರಗಳನ್ನೂ ಸೇರಿಸಿರುತ್ತಾರೆ, ನಾವು ಅವನ್ನು ಗುರುತಿಸದೆ ಬಿಟ್ಟರೆ ತಕ್ಷಣ ತಿಳಿಸುತ್ತಾರೆ. ನಾನು ಅವನ್ನು ಗಮನಿಸದೆ ದಾಟಿ, ಸುರುಳಿ ಗ್ಯಾಲಕ್ಸಿಗಳ ತೋಳಿಗೆ ಗುರುತು ಹಾಕುತ್ತಿದ್ದೆ. ತುಂಬ ಬೇಜಾರಾಯಿತು.

ಕಣ್ಣು ತಿದ್ದಿದ್ದು ಒಂದು ಮುರಿದ ವೈನ್ ಗ್ಲಾಸು. ಕಾರವಾರದಿಂದ ತಂದಿದ್ದು, ಘಟ್ಟ ಹತ್ತುವಾಗ ಬಸ್ಸಿನಲ್ಲೇ ಅದರ ಕಾಲು ಮುರಿಯಿತು. ತಳ ಮಾತ್ರ ಉಳಿಯಿತು, ನನಗೆ ಬೇಕಾಗಿದ್ದೂ ಅದೇ. ಮುರಿದ ತುದಿಯನ್ನು ಉಜ್ಜಿ ನಯ ಮಾಡಿ, ಬಿಳಿ ಹಾಳೆ ಮೇಲೆ ಒಂದು ಚುಕ್ಕಿ ಇಟ್ಟು, ತಳವನ್ನು ಸ್ವಲ್ಪ ಎತ್ತಿ ಹಿಡಿದು ಒಂದೇ ಕಣ್ಣಲ್ಲಿ ನೋಡಿದೆ. ಚುಕ್ಕಿ ಸರಿಯಾಗಿ ನಡುವೆ ಬಂದಾಗ ಉಂಗುರವಾಯಿತು. ಚೂರು ಸರಿಸಿದರೆ ಎರಡು ಕಮಾನು, ಎದುರುಬದುರು, ಒಂದು ದೊಡ್ಡದು, ಒಂದು ಚಿಕ್ಕದು. ಭೂತಗನ್ನಡಿಯಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ಅದು ಅಂಚಿನಲ್ಲಿ ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ. ಗುರುತ್ವ ನಡುವಿನ ಹತ್ತಿರ ಜಾಸ್ತಿ ಬಗ್ಗಿಸುತ್ತದೆ, ದೂರ ಹೋದಂತೆ ಕಡಿಮೆ. ವೈನ್ ಗ್ಲಾಸಿನ ತಳವೂ ನಡುವೆ ಕಡಿದಾಗಿ ಇಳಿದು ಅಂಚಿಗೆ ಚಪ್ಪಟೆಯಾಗುತ್ತದಲ್ವಾ, ಅದಕ್ಕೇ ಹೊಂದುತ್ತದೆ.

ತಳವನ್ನು ಓರೆ ಮಾಡಿದರೆ ಚುಕ್ಕಿ ನಾಲ್ಕಾಗಿ ಒಡೆಯುತ್ತದೆ. 2014ರಲ್ಲಿ ಹಬಲ್ ದೂರದರ್ಶಕ ಕಂಡ ರೆಫ್ಸ್‌ದಾಲ್ ಎಂಬ ಸೂಪರ್‌ನೋವಾ (ಸಿಡಿದ ನಕ್ಷತ್ರ) ಹೀಗೇ ನಾಲ್ಕಾಗಿತ್ತು. ಅದರ ಬೆಳಕು ಬೇರೆ ಬೇರೆ ದಾರಿಯಲ್ಲಿ ಬರುತ್ತಿದ್ದುದರಿಂದ ಇನ್ನೊಂದು ಬಿಂಬ ಯಾವಾಗ, ಎಲ್ಲಿ ಕಾಣುತ್ತದೆಂದು ಮೊದಲೇ ಲೆಕ್ಕ ಹಾಕಿದ್ದರು. 2015ರ ಡಿಸೆಂಬರಿನಲ್ಲಿ ಕಂಡೂ ಬಿಟ್ಟಿತು! ಇದನ್ನು ಯಾರಿಗೆ ಹೇಳುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ನನ್ನ ಗುರುತುಗಳು ಸರಿಯಾಗತೊಡಗಿದವು. ಸುರುಳಿಯ ತೋಳು ನಡುವಿನಿಂದಲೇ ಹೊರಟಿರುತ್ತದೆ. ಮಸೂರದ ಕಮಾನು ಬೇರೆಯಾಗಿ, ನಡುವೆ ಜಾಗ ಬಿಟ್ಟು ನಿಂತಿರುತ್ತದೆ. ಅದು ಸಾಮಾನ್ಯವಾಗಿ ನೀಲಿ, ಎಳೆಯ ನಕ್ಷತ್ರಗಳಿರುವ ಗ್ಯಾಲಕ್ಸಿಯದು. ನಡುವಿನ ಗ್ಯಾಲಕ್ಸಿ ಹಳದಿ, ನುಣುಪು. ಎದುರು ಬದಿಯಲ್ಲಿ ಚಿಕ್ಕ ಜೊತೆ ಬಿಂಬ ಇದೆಯಾ ಅಂತ ಈಗ ಮೊದಲು ಅಲ್ಲೇ ಹುಡುಕುತ್ತೇನೆ.

ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲಿ ಕೂತು ಕೇಳಿದ: "ಇದ್ರಿಂದ ಎಂತ ಗೊತ್ತಾಗ್ತು ಮಾವಾ?"

"ತೂಕ ಗೊತ್ತಾಗ್ತು ಮಾಣಿ" ಅಂದೆ. ಎರಡೂ ಗ್ಯಾಲಕ್ಸಿಗಳ ದೂರ ಗೊತ್ತಿದ್ದರೆ, ಉಂಗುರದ ಅಗಲದಿಂದ ಅದರೊಳಗಿನ ಎಲ್ಲದರ ತೂಕ ಸಿಗುತ್ತದೆ, ಬೆಳಗುವುದರದ್ದೂ, ಬೆಳಗದ್ದರದ್ದೂ. ದೂರ ಅಷ್ಟೇ ಇದ್ದು ಉಂಗುರ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟು. ಎನ್‌ಜಿಸಿ 6505 ಎಂಬ ಗ್ಯಾಲಕ್ಸಿ 1884ರಿಂದಲೇ ಗೊತ್ತಿತ್ತು, 59 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಸುತ್ತ ಪೂರ್ತಿ ಉಂಗುರ ಇದೆಯೆಂದು ಕಂಡಿದ್ದು ಯೂಕ್ಲಿಡ್ ನೋಡಿದ ಮೇಲೆ. ಹಿಂದಿನ ಗ್ಯಾಲಕ್ಸಿ 442 ಕೋಟಿ ಜ್ಯೋತಿರ್ವರ್ಷ ಆಚೆಗಿದೆ. ಆ ಉಂಗುರದೊಳಗಿನ ತೂಕದಲ್ಲಿ ಸುಮಾರು ಶೇಕಡಾ 11 ಡಾರ್ಕ್ ಮ್ಯಾಟರ್, ಅಂದರೆ ಬೆಳಗದ ವಸ್ತು, ಅಂತ ಲೆಕ್ಕ ಸಿಕ್ಕಿತು. ಕಾಣದ ವಸ್ತುವನ್ನು ಅಷ್ಟು ದೂರದಿಂದ ತೂಗುವುದು!

2025ರ ಮಾರ್ಚ್‌ನಲ್ಲಿ ಯೂಕ್ಲಿಡ್ ತಂಡ ಸುಮಾರು 500 ಮಸೂರಗಳ ಪಟ್ಟಿ ಹೊರಗೆ ತಂದಿತು. ಮೊದಲು ಕಂಪ್ಯೂಟರ್ ಸೋಸಿ, ಆಮೇಲೆ ನಮ್ಮಂಥವರು ನೋಡಿ, ಕೊನೆಗೆ ತಜ್ಞರು ಆರಿಸಿದ್ದು. ಆ ಆಗಸ್ಟಿನ ಒಂದು ಚಿತ್ರ ಇನ್ನೂ ನೆನಪಿದೆ. ಮಸುಕಾದ ನೀಲಿ ಗೀಟು, ಎದುರಿಗೆ ಚುಕ್ಕಿಯಂಥದ್ದೇನೋ. ಮಾಣಿ "ತೋಳು" ಅಂದ, ನಾನು "ಕಮಾನು" ಅಂದೆ. ಗ್ಲಾಸಿನ ತಳ ತಂದು ಹಾಳೆ ಮೇಲೆ ಸರಿಸಿ ಸರಿಸಿ ನೋಡಿದೆವು. ಅಷ್ಟೇ ಅಗಲದ ಗೀಟು, ಅದೇ ಜಾಗದಲ್ಲಿ ಚುಕ್ಕಿ ಬಂತು. ಗುರುತು ಹಾಕಿದ್ದು ಮಾಣಿಯೇ.