ಸಕ್ಕರೆ ಕಾಯಿಲೆ ಇರುವವರ ಪಾದ: ಏನು ನೋಡಬೇಕು, ಯಾವಾಗ ಓಡಬೇಕು

ಕಾಲಿನಿಂದ ಚಪ್ಪಲಿ ಜಾರಿಹೋಗಿದ್ದು ಪಕ್ಕದವರು ಹೇಳಿದ ಮೇಲೆ ಗೊತ್ತಾಯಿತು ಎಂದರೆ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸೋತಿವೆ ಎಂದೇ ಲೆಕ್ಕ. ಬೆರಳ ತುದಿಯಲ್ಲಿ ಜೋಮು, ರಾತ್ರಿ ಅಂಗಾಲು ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು ಹಲವರಿಗೆ ಬರುತ್ತದೆ. ಇನ್ನು ಕೆಲವರಿಗೆ ಇದ್ಯಾವುದೂ ಇಲ್ಲದೆ ಸ್ಪರ್ಶಜ್ಞಾನ ಸದ್ದಿಲ್ಲದೆ ಹೊರಟುಹೋಗುತ್ತದೆ. ಉರಿ ತಾನಾಗಿಯೇ ನಿಂತರೆ ವಾಸಿಯಾಯಿತು ಎಂದುಕೊಳ್ಳಬೇಡಿ. ನರ ಇನ್ನಷ್ಟು ಕೆಟ್ಟಿರಬಹುದು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಣ್ಣು ಮುಚ್ಚಿ ಮಲಗಿ. ಮನೆಯವರು ತೋರುಬೆರಳ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಬಲಗಾಲೋ ಎಡಗಾಲೋ ನೀವು ಹೇಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ನಿಮ್ಮ ಪಾದ ಅಪಾಯದ ಪಟ್ಟಿಯಲ್ಲಿದೆ. ವೈದ್ಯರು ಇದನ್ನೇ 10 ಗ್ರಾಂ ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಖಚಿತಪಡಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು. ಯಾರೂ ಮಾಡದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ದಿನಾ ರಾತ್ರಿ ಐದು ನಿಮಿಷ

ನೋವು ಹೇಳಬೇಕಾದ್ದನ್ನು ಇನ್ನು ಮುಂದೆ ಕಣ್ಣು ಮತ್ತು ಕೈ ಹೇಳಬೇಕು. ಮಲಗುವ ಮುಂಚೆ ಒಳ್ಳೆಯ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಪ್ರತಿ ಬೆರಳ ಸಂದು, ಉಗುರಿನ ಅಂಚು ನೋಡಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಕಣ್ಣು ಮಂಜಾದವರ ಕಾಲನ್ನು ಮನೆಯವರೇ ನೋಡಬೇಕು, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಹೋಲಿಸಲು ಸುಲಭ. ಆಮೇಲೆ ಕೈಯ ಹಿಂಭಾಗದಿಂದ ಎರಡೂ ಪಾದಗಳ ಒಂದೇ ಜಾಗ ಮುಟ್ಟಿ ಬಿಸಿ ಹೋಲಿಸಿ. ಚರ್ಮದ ಥರ್ಮಾಮೀಟರ್ ಇದ್ದರೆ, ಎರಡು ದಿನ ಸತತವಾಗಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗೆ ಉರಿಯೂತ ಇರಬಹುದು. ನಡಿಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಜಡ್ಡುಗಟ್ಟಿದ ಚರ್ಮ. ಹೆಬ್ಬೆರಳ ಬುಡದಲ್ಲಿ ಹಳದಿಯಾಗಿ ಗಟ್ಟಿಯಾದ ಬಿಲ್ಲೆ ಕಾಣಿಸುತ್ತದೆ, ನೋವಿಲ್ಲ. ಆದರೆ ಆ ಗಟ್ಟಿ ಪದರವೇ ಕಲ್ಲಿನಂತೆ ಕೆಳಗಿನ ಮೃದು ಮಾಂಸವನ್ನು ಹೆಜ್ಜೆಹೆಜ್ಜೆಗೂ ಜಜ್ಜುತ್ತದೆ. ಬಿಲ್ಲೆಯ ನಡುವೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಒಳಗೆ ರಕ್ತ ಒಸರಿದೆ, ಅಡಿಯಲ್ಲಿ ಹುಣ್ಣು ಆಗಿರುವ ಸಂಭವ ಹೆಚ್ಚು. ಇದನ್ನು ಪಾದದ ಚಿಕಿತ್ಸೆ ಬಲ್ಲವರೇ ಕೆತ್ತಿ ತೆಗೆಯಬೇಕು. ಬ್ಲೇಡು ಬೇಡ. ಔಷಧಿ ಅಂಗಡಿಯ ಆಣಿ ಪ್ಲಾಸ್ಟರೂ ಬೇಡ: ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು, 37 ಡಿಗ್ರಿ ದಾಟಬಾರದು. ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿನಿಂದಲ್ಲ. ಬಕೆಟ್ಟಿನಲ್ಲಿ ಕಾಲು ನೆನೆಹಾಕಿ ಕೂರಬೇಡಿ. ಬೆರಳ ಸಂದುಗಳನ್ನು ಒತ್ತಿ ಒರೆಸಿ. ಒಡೆದ ಹಿಮ್ಮಡಿಗೆ ಯೂರಿಯಾ ಕ್ರೀಮ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಬಹುದು. ಸಂದುಗಳಿಗೆ ಮಾತ್ರ ಹಚ್ಚಬಾರದು, ತೇವ ನಿಂತು ಬೂಷ್ಟು ಹಿಡಿಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೆದಕಬೇಡಿ. ಕಾಲುಂಗುರ ಬಿಗಿಯಾಗಿದ್ದರೆ, ಅಡಿಯ ಚರ್ಮ ಕೆಂಪಾಗಿದ್ದರೆ, ಬೆರಳು ಊದುವ ಮೊದಲೇ ತೆಗೆಸಿ.

ಚಪ್ಪಲಿ, ಮತ್ತು ಚಪ್ಪಲಿ ಬಿಡುವ ಜಾಗಗಳು

ಉಂಗುಷ್ಠದ ಹವಾಯಿ ಚಪ್ಪಲಿ ಬೆರಳ ಸಂದನ್ನು ಕೊರೆಯುತ್ತದೆ, ಜಾರಿದರೂ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ, ಒಳಗೆ ಎಂಸಿಆರ್ (ಮೈಕ್ರೋಸೆಲ್ಯುಲರ್) ಎಂಬ ಮೃದು ರಬ್ಬರಿನ ಮೆತ್ತೆ ಇರುವುದನ್ನು ಕೊಳ್ಳಿ. ಪಾದ ಊದಿರುವ ಸಂಜೆ ಹೊತ್ತು, ನಿಂತುಕೊಂಡು ಅಳತೆ ನೋಡಿ. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂ.ಮೀ. ಹೆಚ್ಚಿರಲಿ. ಹೊಸದನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ತೆಗೆದು ಚರ್ಮ ನೋಡಿ. ಮೆಟ್ಟುವ ಮೊದಲು ಪ್ರತಿ ಸಲ ಒಳಗೆ ಕೈ ಆಡಿಸಿ: ಮೊಳೆಯ ತುದಿ, ಸಣ್ಣ ಕಲ್ಲು, ಮಡಚಿದ ಅಟ್ಟೆ ಸಿಗುತ್ತವೆ. ಮನೆಯೊಳಗೂ ಬರಿಗಾಲು ಬೇಡ.

ದೇವಸ್ಥಾನದಲ್ಲಿ ಏನು ಮಾಡುವುದು? ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಹಾಸುಗಲ್ಲಿನ ಮೇಲೆ ಒಂದು ಪ್ರದಕ್ಷಿಣೆ ಬಂದರೆ ಅಂಗಾಲು ಪೂರ್ತಿ ಬೊಬ್ಬೆ ಏಳಬಹುದು, ಅದೂ ಮನೆಗೆ ಬಂದ ಮೇಲೆ ತಿಳಿಯುವುದು. ಬೆಳಿಗ್ಗೆ ಬೇಗ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿ. ಬೈಕಿನ ಸೈಲೆನ್ಸರ್, ಚಳಿಗಾಲದ ಬಿಸಿನೀರಿನ ಚೀಲ, ಒಲೆಯ ಮುಂದೆ ಕಾಲು ಕಾಯಿಸುವುದು ಇವೂ ಅದೇ ಸಾಲಿನವು. ಇಲಿ ಕಾಟವಿರುವ ಮನೆಯಲ್ಲಿ ಕಾಲು ಮುಚ್ಚಿಕೊಂಡು ಮಲಗಿ. ಜೋಮು ಹಿಡಿದ ಬೆರಳನ್ನು ಕಡಿದರೂ ಎಚ್ಚರವಾಗುವುದಿಲ್ಲ.

ನೋವಿಲ್ಲದೆ ಊದಿದ ಹರಡು

ಒಂದೇ ಕಾಲಿನ ಹರಡು ಅಥವಾ ಪಾದ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಬಿಸಿಯಾಗಿ, ಆದರೆ ನೋವು ಅಷ್ಟಾಗಿ ಇಲ್ಲದಿದ್ದರೆ ಉಳುಕು ಎಂದು ಎಣ್ಣೆ ತಿಕ್ಕಿಸಬೇಡಿ. ಇದು ಶಾರ್ಕೋ ಪಾದವಾಗಿರಬಹುದು: ಮೂಳೆ ಮೆದುವಾಗಿ, ಕೀಲು ಕಳಚುತ್ತಿರುತ್ತದೆ. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಅದಕ್ಕೇ ಎಷ್ಟೋ ಜನ ವಾಪಸ್ ಮನೆಗೆ ನಡೆದು ಬರುತ್ತಾರೆ, ನಡೆದಷ್ಟೂ ಅಂಗಾಲಿನ ಕಮಾನು ಕುಸಿಯುತ್ತದೆ. ಅವತ್ತಿನಿಂದಲೇ ಆ ಕಾಲಿನ ಮೇಲೆ ಭಾರ ಹಾಕಬೇಡಿ, ಎಂಆರ್‌ಐ ಬೇಕೇ ಎಂದು ಕೇಳಿ. ಚಿಕಿತ್ಸೆ ಮೊಣಕಾಲುವರೆಗಿನ ಕಾಸ್ಟ್ (ಗಟ್ಟಿ ಪ್ಲಾಸ್ಟರ್ ಕಟ್ಟು), ಅದೂ ತಿಂಗಳುಗಟ್ಟಲೆ. ಬೇಸರದ ಚಿಕಿತ್ಸೆ, ಆದರೆ ಪಾದದ ಆಕಾರ ಉಳಿಯುವುದು ಅದರಿಂದಲೇ.

ಗಾಯ ಕಂಡ ದಿನ

ಶುದ್ಧ ನೀರು ಅಥವಾ ಸಲೈನಿನಿಂದ ತೊಳೆದು, ಗಾಜ್ ಬಟ್ಟೆ ಇಟ್ಟು, ಸಡಿಲವಾಗಿ ಕಟ್ಟಿ. ಹತ್ತಿ ಇಡಬೇಡಿ, ಎಳೆ ಅಂಟುತ್ತದೆ. ಅರಿಶಿನ, ಕಾಫಿ ಪುಡಿ, ಸುಣ್ಣ ಹಚ್ಚಿದರೆ ಗಾಯದ ಬಣ್ಣವೇ ವೈದ್ಯರಿಗೆ ಕಾಣುವುದಿಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಜೀವಕೋಶಗಳನ್ನು ಕೊಲ್ಲುತ್ತವೆ. ಸಕ್ಕರೆ ಅಳೆಯಿರಿ. ಗಾಯ ಎಷ್ಟೇ ಚಿಕ್ಕದಿರಲಿ, 24 ಗಂಟೆಯೊಳಗೆ ತೋರಿಸಿ, ಧನುರ್ವಾಯು ತಡೆಯುವ ಚುಚ್ಚುಮದ್ದಿನ (ಟಿಟಿ ಅಥವಾ ಟಿಡಿ) ಬಗ್ಗೆ ಕೇಳಿ.

ರಾತ್ರಿಯೇ ಹೊರಡಬೇಕಾದ ಲಕ್ಷಣಗಳು ಬೇರೆ: ಗಾಯದ ಸುತ್ತ 2 ಸೆಂ.ಮೀ. ದಾಟಿದ ಕೆಂಪು, ಕೀವು, ದುರ್ವಾಸನೆ, ಚಳಿಜ್ವರ, ಕಾರಣವಿಲ್ಲದೆ ಏರಿದ ಸಕ್ಕರೆ, ಕಪ್ಪಾದ ಅಥವಾ ತಣ್ಣಗಾದ ಬೆರಳು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದುಕೊಂಡು ಹೋಗಿ, ಎಷ್ಟು ಬೇಗ ಹರಡುತ್ತಿದೆ ಎಂದು ವೈದ್ಯರಿಗೆ ತಿಳಿಯುತ್ತದೆ.

ಆಸ್ಪತ್ರೆಯಲ್ಲಿ ಬರೀ ಡ್ರೆಸ್ಸಿಂಗ್ ಮಾಡಿ ಕಳಿಸಿದರೆ ಮೂರು ವಿಷಯ ಕೇಳಿ. ಗಾಯ ಮೂಳೆ ಮುಟ್ಟಿದೆಯೇ? ಪಾದದ ನಾಡಿ ಸಿಗುತ್ತಿದೆಯೇ, ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಬೇಕೇ? ಗಾಯದ ಮೇಲೆ ಭಾರ ಬೀಳದಂತೆ ಏನು ಹಾಕುತ್ತೀರಿ? ಅಂಗಾಲಿನ ಹುಣ್ಣು ತಿಂಗಳಾದರೂ ಮಾಯದಿರಲು ಮುಲಾಮಿಗಿಂತ ನಡಿಗೆಯೇ ಹೆಚ್ಚಾಗಿ ಕಾರಣ. ಬೆರಳು ತೆಗೆಯಬೇಕು ಎಂದರೆ, ಮೊದಲು ರಕ್ತನಾಳ ತೆರೆಯಲು ಸಾಧ್ಯವೇ ಎಂದು ವಿಚಾರಿಸುವುದು ನಿಮ್ಮ ಹಕ್ಕು. ಆದರೆ ಒಳಗೆ ಕೀವು ತುಂಬಿ ನಂಜು ಮೇಲೇರುತ್ತಿದ್ದರೆ, ಇನ್ನೊಬ್ಬರ ಅಭಿಪ್ರಾಯಕ್ಕೆ ಊರೂರು ಸುತ್ತುವುದರಲ್ಲೇ ಕಾಲು ಹೋಗುತ್ತದೆ. ಕೀವು ತೆಗೆಸುವುದಕ್ಕೆ ಒಪ್ಪಿ.

ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಸಕ್ಕರೆ ಕಾಯಿಲೆಗೆ ತಪಾಸಣೆಯಿದೆ, ಅಲ್ಲಿಂದ ಮುಂದಿನ ಆಸ್ಪತ್ರೆಗೆ ಚೀಟಿ ಪಡೆಯಬಹುದು. ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿಡಿ. ಹುಣ್ಣು ಮಾಯ್ದವರು 1ರಿಂದ 3 ತಿಂಗಳಿಗೊಮ್ಮೆ ಪಾದ ತೋರಿಸಬೇಕು. ಸ್ಪರ್ಶ ಹೋಗಿದ್ದರೂ ಇನ್ನೂ ಹುಣ್ಣಾಗದವರು 6ರಿಂದ 12 ತಿಂಗಳಿಗೊಮ್ಮೆ, ಜೊತೆಗೆ ಬೆರಳು ಸೊಟ್ಟಗಿದ್ದರೆ ಅಥವಾ ರಕ್ತಸಂಚಾರ ಕಡಿಮೆಯಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಹೋಗುವಾಗ ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ. ಮೆತ್ತೆ ಎಲ್ಲಿ ತಗ್ಗಾಗಿದೆ ಎಂದು ನೋಡಿದರೆ ಮುಂದಿನ ಹುಣ್ಣು ಎಲ್ಲಿ ಏಳಬಹುದು ಎಂದು ವೈದ್ಯರಿಗೆ ಅಂದಾಜಾಗುತ್ತದೆ.